ಮೂವತ್ತೊಂದನೇ ನಂಬರಿನ ಪಂಪು

ಕೆನ್ಯಾದ ಕಡಲದಂಡೆ, ಕ್ವಾಲೆಯ ಒಳಸೀಮೆ.
ಇಲ್ಲಿಯ ಕೈಪಂಪುಗಳಿಗೆ ಈಚೆಗೆ ನಾಲಿಗೆ ಬಂದಿದೆ.
ಹಿಡಿಕೆಯ ಕಬ್ಬಿಣದೊಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ,
ಅದಕ್ಕೊಂದು ಸಿಮ್ಮು.
ಮೇಲೆ, ಕೆಳಗೆ, ಮೇಲೆ, ಕೆಳಗೆ,
ಆಡಿದ್ದನ್ನೆಲ್ಲ ಎಣಿಸಿಟ್ಟುಕೊಂಡು
ಗಂಟೆಗೊಮ್ಮೆ ಪೇಟೆಯ ಆಫೀಸಿಗೆ ಚಾಡಿ ಹೇಳುತ್ತದೆ.

ನಗಬೇಡಿ. ಮೊದಲೆಲ್ಲ ಪಂಪು ಕೆಟ್ಟರೆ ಕೆಟ್ಟಿತು ಅಷ್ಟೆ.
ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ತಿಂಗಳು ಉರುಳಿ
ಹೆಂಗಸರು ಹೊಂಡದ ರಾಡಿಯನ್ನು
ಲೇಸೋ ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದರು ಮಕ್ಕಳಿಗೆ.
ಈಗ ಎರಡನೇ ದಿನಕ್ಕೇ ನಾನು ಹಾಜರು:
ಮೆಕ್ಯಾನಿಕ್ ಮ್ವಾತೆಲ, ಎರಡು ಸ್ಪಾನರು, ಒಂದು ಹಿಡಿ ವಾಷರು,
ಬೈಕಿನ ಬೆನ್ನಿಗೆ ಅಡ್ಡಡ್ಡ ಕಟ್ಟಿದ ಸರಳು.

ಆದರೂ ಪೆಟ್ಟಿಗೆಗೆ ಎಷ್ಟು ಎಂಬುದಷ್ಟೇ ಗೊತ್ತು.
ಶಾಲೆ ಬಿಟ್ಟ ಹುಡುಗರು ಹಿಡಿಕೆಗೆ ಜೋತುಬಿದ್ದು ತೂಗಿದರೆ
ಅದೂ ನೀರಿನ ಲೆಕ್ಕಕ್ಕೆ.
ತುಂಬು ಬಸುರಿ ಜಹಾರ ನಿಂತು ನಿಂತು ಒತ್ತಿದರೆ
‘ಸೀಲು ಸವೆದಿರಬಹುದು’ ಎಂದು ಅನುಮಾನ.

ಮೊನ್ನೆ ಬೆಳಕು ಹರಿಯುವ ಹೊತ್ತಿಗೆ ಆಫೀಸಿನ ರಿಜಿಕಿಯ ಫೋನು:
“ಮೂವತ್ತೊಂದನೇ ನಂಬರು. ರಾತ್ರಿ ಎರಡರಿಂದ ಐದು,
ನಾಲ್ಕು ಸಾವಿರ ಸಲ!
ಅಪರಾತ್ರಿಯಲ್ಲಿ ಯಾರಪ್ಪ ನೀರು ಸೇದುತ್ತಾರೆ?
ಪೆಟ್ಟಿಗೆಗೆ ತಲೆ ಕೆಟ್ಟಿದೆ. ಬದಲಿಸಿ ಬಾ.”

ಹೊಸದನ್ನು ಜೇಬಿಗೆ ಹಾಕಿಕೊಂಡು ಹೊರಟೆ.
ಕೆಮ್ಮಣ್ಣಿನ ದಾರಿ, ಗೋಡಂಬಿ ಮರಗಳು,
ಕೈಗಾಡಿಯಲ್ಲಿ ಮಸಿ ಹಿಡಿದ ದೊಡ್ಡ ಪಾತ್ರೆ ತಳ್ಳುವ ಇಬ್ಬರು,
ಸುತ್ತಿದ ಚಾಪೆ ಹೊತ್ತ ಒಬ್ಬ.
ಆಗಲೇ ಹೊಳೆಯಬೇಕಿತ್ತು ನನಗೆ.

ಸೂಲಗಿತ್ತಿ ಬಿಂಟಿ ಕೊಂಬೊ ರಾತ್ರಿ ತೀರಿಕೊಂಡಿದ್ದಳು.
ಅರ್ಧ ಊರಿನ ಮೊದಲ ಸ್ನಾನ ಆಕೆಯ ಕೈಯಲ್ಲಿ.
ಆಕೆ ಮೀಯಿಸಿದ ಹೆಣ್ಣುಮಕ್ಕಳೇ, ಈಗ ಅಜ್ಜಿಯರಾದವರೂ,
ಹಳದಿ ಕ್ಯಾನುಗಳ ಸಾಲು ಹಿಡಿದು
ಆಕೆಯನ್ನು ಮೀಯಿಸಲು ಸೇದಿದ್ದರು,
ಬಂದವರಿಗೆ ಗಂಜಿ ಕಾಯಿಸಲು, ಕಾಲು ತೊಳೆಯಲು ಸೇದಿದ್ದರು.
ಇನ್ನೂ ಸೇದುತ್ತಲೇ ಇದ್ದರು.
ಯಾರೂ ಅಳುತ್ತಿರಲಿಲ್ಲ ಪಂಪಿನ ಹತ್ತಿರ.
ಹಿಡಿಕೆಯ ಕಿರ್ರ್ ಒಂದೇ.

ನನ್ನನ್ನೂ ಅವಳೇ ಹಿಡಿದದ್ದಂತೆ, ಅಮ್ಮ ಹೇಳುತ್ತಿದ್ದಳು,
ಕಾಲು ಮುಂದಾಗಿ ಬಂದವನು.

ಸ್ಪಾನರು ಬೈಕಿನಲ್ಲೇ ಬಿಟ್ಟೆ.
“ಸರಿಯಮ್ಮ, ಕೈ ಬಿಡು” ಎಂದು ಹಿಡಿಕೆ ತೆಗೆದುಕೊಂಡೆ.
ಮುನ್ನೂರರವರೆಗೆ ಎಣಿಸಿದ ನೆನಪು. ಆಮೇಲೆ ತಪ್ಪಿತು.
ಪೆಟ್ಟಿಗೆಗೆ ತಪ್ಪಿರಲಿಕ್ಕಿಲ್ಲ.

ಮೊಬೈಲಿನ ಫಾರಮ್ಮಿನಲ್ಲಿ ಖಾನೆಗಳು:
ವಾಷರು, ಸರಳು, ಸೀಲು, ಬ್ಯಾಟರಿ, ಇತರೆ.
‘ಇತರೆ’ಯ ಮೇಲೆ ಒದ್ದೆ ಹೆಬ್ಬೆರಳು ಜಾರಿತು.
ಒರೆಸಿಕೊಂಡು ಬರೆದೆ:
ಪೆಟ್ಟಿಗೆ ಸರಿಯಿದೆ. ಸಾವಿನ ಮನೆ.

ಉತ್ತರ ಬರಲು ಬಹಳ ಹೊತ್ತಾಯಿತು.
ಹೊಸ ಪೆಟ್ಟಿಗೆ ವಾಪಸು ತಾ ಎಂದಿರಬಹುದು ಅಂದುಕೊಂಡೆ.
ರಿಜಿಕಿ ಕೇಳಿದ್ದು ಒಂದೇ ಮಾತು:
ಯಾರು?