ಜಮೆಯ ಕಡೆ ಮುಳ್ಳು

"ಕಹ್ರಬಾ ಮಾಫಿ" ಅಂದ ಅಬ್ದುನ್ನಬಿ
ಹೆಲ್ಮೆಟ್ಟು ಕಳಚುತ್ತ. ಕರೆಂಟಿಲ್ಲ ಅಂತ.
ಆಗಸ್ಟಿನ ಸಲ್ಮಾಬಾದ್, ಸಂಜೆ ನಾಲ್ಕೂವರೆ,
ಗಾಳಿಯನ್ನು ಹಿಂಡಿದರೆ ಒಂದು ಬೊಗಸೆ ಉಪ್ಪುನೀರು.
ಇಂಜಿನ್ನು ಮಾತ್ರ ಗುಡುಗುಡು ಅನ್ನುತ್ತಲೇ ಇತ್ತು.
ಬಿಎಸ್ಎ, ಮಹಾಯುದ್ಧದ ಕಾಲದ ತಳಿ,
ಕಿಡಿಗೆ ಮ್ಯಾಗ್ನೆಟೊ, ದೀಪಕ್ಕೆ ಡೈನಮೋ,
ಒಂದೇ ಮನೆಯಲ್ಲಿ ಎರಡು ಒಲೆ.
ಹಗಲು ಎಷ್ಟು ಬೇಕಾದರೂ ಓಡುತ್ತದೆ.
ಕತ್ತಲಾದರೆ ಕುರುಡು.

ಅವನ ಅಪ್ಪ ಮುಹರ್ರಕ್‌ನ ಹರಾಜಿನಲ್ಲಿ
ನಾನೂರು ರೂಪಾಯಿಗೆ ಹಿಡಿದದ್ದಂತೆ.
ಹೌದು, ರೂಪಾಯಿ. ಆಗ ಇಲ್ಲಿ ನಮ್ಮ ನೋಟೇ ನಡೆಯುತ್ತಿತ್ತು.
ಹೇಳುವಾಗಲೆಲ್ಲ ನನ್ನ ಮುಖ ನೋಡುತ್ತಾನೆ,
ಆ ನೋಟನ್ನು ನನ್ನ ಮುತ್ತಜ್ಜನೇ ಅಚ್ಚು ಹಾಕಿಸಿದಂತೆ.

ನಾನು ಮೌನೇಶ, ಶಹಾಪುರದ ಬಡಿಗೇರರ ಪೈಕಿ.
ಇಪ್ಪತ್ತಾರು ವರ್ಷದಿಂದ ಆಲ್ಟರ್ನೇಟರ್ ಬಿಚ್ಚಿ ಕಟ್ಟಿದ ಕೈ.
ಮೊದಲು ಹತ್ತಿರದ್ದು ನೋಡು, ಆಮೇಲೆ ದೂರದ್ದು:
ಉಳ್ಳಾಲದ ಹುಡುಗ ಶಮೂನನಿಗೆ ನಾನೇ ಕಲಿಸಿದ್ದು.

ಡಿ ಮತ್ತು ಎಫ್ ತಂತಿ ಕಿತ್ತು, ಆ ಎರಡು ತುದಿ ಕೂಡಿಸಿ
ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಇಂಜಿನ್ನಿನ ಮೈಗೆ.
ಆಕ್ಸಿಲರೇಟರ್ ಸ್ವಲ್ಪ. ಸೊನ್ನೆ.
ಬ್ರಷ್ಷು ತೆಗೆದೆ, ಸವೆದಿಲ್ಲ.
ಕಾರ್ಬನ್ ಪುಡಿ ಊದಿದೆ, ಸೀನಿದೆ.
ಕಮ್ಯುಟೇಟರಿನ ಸಂದುಗಳನ್ನು
ಮುರುಕು ಹ್ಯಾಕ್ಸಾ ಬ್ಲೇಡಿನಿಂದ ಕೆದಕಿದೆ,
ಬಾಡೂಟದ ಮೇಲೆ ಹಲ್ಲು ಕೆದಕಿದ ಹಾಗೆ.
ಮತ್ತೆ ಸೊನ್ನೆ.

ಬೇಸತ್ತ ಶಮೂನ್ ಲೈಟಿನ ಗುಂಡಿ ತಿರುಗಿಸಿದ.
ಇಂಜಿನ್ ನಿಂತಿತ್ತು. ದೀಪ ತಂಬಾಕಿನ ಬಣ್ಣ.
ಅಮ್ಮೀಟರಿನ ಮುಳ್ಳು ಪ್ಲಸ್ಸಿನ ಕಡೆ ವಾಲಿತು.
"ಅಣ್ಣಾ, ಚಾರ್ಜ್ ಆಗ್ತಾ ಉಂಟಲ್ಲ!"

ಖರ್ಚಾಗುತ್ತಿದೆ, ಮುಳ್ಳು ಜಮೆ ಅನ್ನುತ್ತಿದೆ.
ಅಂಥ ಪಾಸ್‌ಬುಕ್ಕು ನಾನೂ ಇಟ್ಟಿದ್ದೆ ಬಹಳ ವರ್ಷ.

ಬೆನ್ನ ಮೇಲಿನ ಬೆವರು ಅಲ್ಲೇ ನಿಂತಿತು.
ಇಂಗ್ಲಿಷರ ಈ ಹಳೇ ಗಾಡಿಗಳಲ್ಲಿ ನೆಲ ಎಂದರೆ ಪ್ಲಸ್.
ಫ್ರೇಮಿಗೆ ಅದನ್ನೇ ಕಟ್ಟಬೇಕು.
ಇಲ್ಲಿ ಯಾರೋ ಮೈನಸ್ ಕಟ್ಟಿದ್ದಾರೆ,
ಎಲ್ಲ ಕಾರುಗಳಿಗೂ ಕಟ್ಟುವಂತೆ, ಕಣ್ಣು ಮುಚ್ಚಿ.
"ಯಾವ ಹುಚ್ಚಪ್ಯಾಲಿ ಕಟ್ಯಾನಿದನ್ನ" ಎಂದು ಬಯ್ದೂ ಬಿಟ್ಟೆ.
ಆಮೇಲೆ ಕಂಡಿತು, ನಟ್ಟಿನ ಮೇಲೊಂದು ಹಸಿರು ಪೇಂಟಿನ ಚುಕ್ಕೆ.
ಬಿಗಿ ಮಾಡಿದ ಗುರುತಿಗೆ ಹಾಗೆ ಚುಕ್ಕೆ ಇಡುವವನು
ಈ ಗಲ್ಲಿಯಲ್ಲಿ ಒಬ್ಬನೇ.

ಮಾರ್ಚಿನಲ್ಲಿ. ಉಪವಾಸ ಬಿಡುವ ಹೊತ್ತು, ಅವನಿಗೆ ಅವಸರ,
ನನ್ನ ಕಿವಿಯಲ್ಲಿ ಊರಿನ ಫೋನು.
ಕೈ ತನ್ನಷ್ಟಕ್ಕೆ ತಾನು ಕಟ್ಟಿತ್ತು.

ಹೇಳದಿದ್ದರೆ ಯಾರಿಗೆ ತಿಳಿಯುತ್ತಿತ್ತು?
"ಹಳೇ ಗಾಡಿ, ಹಾಜಿ" ಅಂದರೆ ಮುಗಿಯಿತು, ಹದಿನೈದು ದಿನಾರ್.
ಶಮೂನ್ ನೋಡುತ್ತಿದ್ದ. ಅವನು ನೋಡದಿದ್ದರೆ
ಹೇಳುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಕಟ್‌ಔಟಿನ ಕರಟಿದ ತುದಿಗಳನ್ನು ಅರದಿಂದ ಸವರಿ,
ಬ್ಯಾಟರಿ ತಿರುಗಿಸಿ ಕಟ್ಟಿ,
ಮೈನಸ್ಸಿನಿಂದ ಒಂದು ತಂತಿ ಎಳೆದು
ಎಫ್‌ಗೆ ಮುಟ್ಟಿಸಿದೆ. ಚಟ್. ಒಂದೇ ಕ್ಷಣ.
ಮೆತ್ತನೆಯ ಕಬ್ಬಿಣ, ಹೊಡೆತಕ್ಕೆ ಮರೆತಿರುತ್ತದೆ.
ಉತ್ತರ ಯಾವ ಕಡೆ ಎಂದು ಒಮ್ಮೆ ತೋರಿಸಿದರೆ
ಉಳಿದದ್ದನ್ನು ತಿರುಗಿ ತಿರುಗಿ ತಾನೇ ಕಟ್ಟಿಕೊಳ್ಳುತ್ತದೆ.

ಮೂರನೇ ಕಿಕ್ಕಿಗೆ ಹತ್ತಿತು.
ಮುಳ್ಳು ನಡುಗಿತು, ಕೂದಲೆಳೆಯಷ್ಟು ಏರಿತು,
ದೀಪ ಹಾಕಿದರೂ ಜಮೆಯ ಕಡೆಯೇ ನಿಂತಿತು.

ಅಬ್ದುನ್ನಬಿಗೆ ಹೇಳಿದೆ, ಬರುವಷ್ಟು ಅರಬ್ಬಿಯಲ್ಲಿ,
ಉಳಿದದ್ದು ಕೈಸನ್ನೆಯಲ್ಲಿ:
ಇದು ಅಲ್ಲಿಗೆ, ಅದು ಇಲ್ಲಿಗೆ, ಕಟ್ಟಿದವನು ನಾನು.
ಅವನು ಕರಕ್ ಚಹದ ಲೋಟ ಕೆಳಗಿಟ್ಟ.
"ಮಾಫಿ ಮುಷ್ಕಿಲ್" ಅಂದ.
ತೊಂದರೆ ಇಲ್ಲ ಅಂತ. ಇಲ್ಲಿ ಮಾಫಿ ಎಂದರೆ ಇಲ್ಲ.
ನಮ್ಮ ಕಡೆ ಮಾಫಿ ಎಂದರೆ ಬೇರೆ.
ಎರಡರಲ್ಲಿ ಯಾವುದನ್ನು ಕೊಟ್ಟನೋ, ತೆಗೆದುಕೊಂಡೆ.

ದುಡ್ಡು ಮಾತ್ರ ಕೊಡಲಿಲ್ಲ. ನಾನೂ ಕೇಳಲಿಲ್ಲ.
ಕತ್ತಲಾಗಲೆಂದೇ ಕಾಯುತ್ತ ಕುಳಿತ.
ಆಮೇಲೆ ಹಳದಿ ದೀಪ ಹೊತ್ತಿಸಿ
ಟೈರ್ ಅಂಗಡಿಗಳ ಮುಂದೆ ಒಂದು ಸುತ್ತು
ಸುಮ್ಮನೆ ಹೋಗಿ ಬಂದ.
ಶಮೂನ್ ಹಸಿರು ಪೇಂಟಿನ ಡಬ್ಬಿ ಹಿಡಿದು ನಿಂತಿದ್ದ,
ಚುಕ್ಕೆ ಇಡಲೋ ಬೇಡವೋ
ಕೇಳಲು ಹಿಂಜರಿಯುತ್ತ.