ಹದಿನೇಳನೆಯ ಮತಗಟ್ಟೆ

ಮಾರ್ಚ್ ಮೊದಲ ವಾರ. ಹೊರಗೆ ಇನ್ನೂ ಮೊಣಕಾಲುದ್ದ ಹಿಮ.
ಸ್ಟ್ರಾಂಡ್ ಟೀಚರ್ ಬೂಟು ಕೊಡವಿ ಒಳಬಂದು
ನನ್ನ ಮೇಜಿನ ಮೇಲೆ ಹದಿನೈದು ಡಾಲರ್ ಇಟ್ಟರು,
ಎಲ್ಲವೂ ಒಂದೊಂದರ ನೋಟು.
"ಎಣಿಸಿಕೊ," ಅಂದರು. ಎಣಿಸಿದೆ.
ಏಳನೆಯ ಕ್ಲಾಸಿನಲ್ಲಿ ಭಿನ್ನರಾಶಿ ಕಲಿಸಿದವರ ಮುಂದೆ
ಹದಿನೈದರ ತನಕ ಎಣಿಸುವಾಗಲೂ ನಾಲಿಗೆ ಒಣಗುತ್ತದೆ.

ಇದು ಐದನೆಯ ಸಲ.
ಕೌಂಟಿ ಕಚೇರಿಯ ಗುಮಾಸ್ತ ನಾನು.
ನಾಮಪತ್ರಕ್ಕೆ ಮೊಹರು ಒತ್ತುವುದು, ನವೆಂಬರಿನಲ್ಲಿ
ಮತ ಎಣಿಸಿ ಗೋಡೆಗೆ ಅಂಟಿಸುವುದು ನನ್ನ ಕೆಲಸ.
ಅವರ ನಾಲ್ಕೂ ಸೋಲು ನನ್ನ ಕೈಬರಹದಲ್ಲೇ ಇವೆ.

ಮೊದಲು ನಿಂತದ್ದು ಕೆಟಲ್ ಕ್ರೀಕಿನ ಶಾಲೆ ಮುಚ್ಚಿದ ವರ್ಷ.
ಎಂಟು ಮಕ್ಕಳು, ನಲವತ್ತಾರು ಮೈಲಿ ಬಸ್ಸು,
ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ.
"ಹೆಲೆನಾದಲ್ಲಿ ಕೂತವರಿಗೆ ನಲವತ್ತಾರು ಬರೀ ಅಂಕಿ,
ಹೋಗಿ ಬಿಡಿಸಿ ತೋರಿಸಬೇಕು" ಅಂದಿದ್ದರು
ದಿನಸಿ ಅಂಗಡಿಯ ಸಾಲಿನಲ್ಲಿ, ಯಾರೂ ಕೇಳದೆಯೇ.

ಶಾಲೆಯ ನಾಟಕದಲ್ಲಿ ಉಳಿದ ನೀಲಿ ಬಣ್ಣದ ಫಲಕ,
ಎರಡು ಲಕ್ಷ ಮೈಲಿ ಓಡಿದ ಕಾರು,
ಬಾಗಿಲಿಗೂ ಬಾಗಿಲಿಗೂ ನಡುವೆ ಹತ್ತು ಮೈಲಿ ಗೋಧಿ.
ತಟ್ಟಿದ ಬಾಗಿಲೆಲ್ಲ ತೆರೆಯಿತು, ಸುಳ್ಳು ಹೇಳಬಾರದು.
ಕಾಫಿ ಕೊಟ್ಟರು, ರುಬಾರ್ಬ್ ಪೈ ಕೊಟ್ಟರು,
"ನೀವಿಲ್ಲದಿದ್ದರೆ ನಮ್ಮ ಹುಡುಗ ದಡ ಹತ್ತುತ್ತಿರಲಿಲ್ಲ"
ಅಂತ ಕೈಹಿಡಿದು ಗೇಟಿನ ತನಕ ಬಂದರು.
ಮತ ಮಾತ್ರ ವೆಂಡಲ್ ರಾಸ್ಕ್‌ಗೆ.

ರಾಸ್ಕ್ ಬಿತ್ತನೆ ಬೀಜ ಮಾರುವವನು, ಕೆಟ್ಟವನಲ್ಲ.
ಅವನೂ ಅದೇ ಕ್ಲಾಸಿನವನು, ಹಿಂದಿನ ಸಾಲು.
ಗೆದ್ದ ರಾತ್ರಿ ಪ್ರತಿಸಲವೂ ಫೋನು ಮಾಡಿ
"ಸಾರಿ ಟೀಚರ್" ಅನ್ನುತ್ತಾನಂತೆ.
"ಶೇಕಡಾವಾರು ನೀನೇ ಲೆಕ್ಕ ಹಾಕಿದೆಯಾ?" ಅಂತ ಇವರು.

ಮೂವತ್ತೊಂದು. ಮೂವತ್ತಾರು.
ಮೂವತ್ತೈದು ಮುಕ್ಕಾಲು. ಮೂವತ್ತೆಂಟು.

ಫಲಿತಾಂಶದ ಮರುದಿನ, ಶಾಲೆ ಬಿಟ್ಟ ಮೇಲೆ ಬರುತ್ತಾರೆ.
ಎಡಗೈಯಲ್ಲಿ ಬರೆಯುವವರು; ಅಂಗೈ ಅಂಚಿಗೆ ಮಾರ್ಕರಿನ ಮಸಿ.
ಗೋಡೆಯ ಹಾಳೆಗೆ ಬೆರಳಿಟ್ಟು ಗಟ್ಟೆ ಗಟ್ಟೆಯಾಗಿ ಓದುತ್ತಾರೆ,
ಉತ್ತರಪತ್ರಿಕೆ ತಿದ್ದುವಾಗಿನ ಮುಖದಲ್ಲಿ.
ಹದಿನೇಳಕ್ಕೆ ಬಂದರೆ ಬೆರಳು ನಿಲ್ಲುತ್ತಿತ್ತು.
ಒಂದು ಚರ್ಚು, ಇಪ್ಪತ್ತಮೂರು ಮತ.
ರಾಸ್ಕ್ ಇಪ್ಪತ್ತೆರಡು, ಸ್ಟ್ರಾಂಡ್ ಒಂದು.
ಎರಡು ವರ್ಷ ಬಿಟ್ಟು ಮತ್ತೆ ಒಂದು. ಮತ್ತೆ ಒಂದು.
"ಯಾರಪ್ಪಾ ಈ ಪುಣ್ಯಾತ್ಮ?" ಅಂತ ನಗುತ್ತಿದ್ದರು.
ನನ್ನ ಮತ ಪಟ್ಟಣದಲ್ಲಿ. ನನಗೇನು ಗೊತ್ತು.

ನಮ್ಮಪ್ಪನದು ಹದಿನೇಳು.
ಗೇಟಿಗೆ ರಾಸ್ಕ್‌ನ ಫಲಕ, ಟ್ರಕ್ಕಿಗೆ ರಾಸ್ಕ್‌ನ ಸ್ಟಿಕರು.
ಟೀಚರ ಕಾರು ಬಂದದ್ದು ಕಂಡರೆ
ಕೊಟ್ಟಿಗೆ ಬಿಟ್ಟು ಈಚೆಗೆ ಬಾರದ ಆಸಾಮಿ.
"ಪಾಠ ಹೇಳುವವರಿಗೆ ಯಾಕೆ ಈ ಉಸಾಬರಿ"
ಊಟದ ಮೇಜಿನಲ್ಲಿ, ಉಪ್ಪು ಕೇಳುವ ಹಾಗೆ, ದಿನಾ.
ಮೂರನೆಯ ಚುನಾವಣೆಯ ಮರುವರ್ಷ
ಕಡೆಯ ಸಾಲಿನ ಸಕ್ಕರೆ ಬೀಟು ಕೀಳುತ್ತಾ
ಟ್ರಾಕ್ಟರಿನ ಮೇಲೆ ಕೂತಲ್ಲೇ ಹೋದರು.

ನಾಲ್ಕನೆಯ ಸಲ ಪೆಟ್ಟಿಗೆ ತೆರೆದೆ.
ಹದಿನೇಳು: ರಾಸ್ಕ್ ಇಪ್ಪತ್ತೆರಡು.
ಸ್ಟ್ರಾಂಡ್ ಸೊನ್ನೆ.

ಮತ್ತೆ ಎಣಿಸಿದೆ. ಮತ್ತೂ ಒಮ್ಮೆ ಎಣಿಸಿದೆ.
ಜೊತೆಗಿದ್ದವಳು "ಮಗ್ಗಿ ಮರೆತೆಯೇನು?" ಅಂದಳು.
ಇಪ್ಪತ್ತಮೂರರಲ್ಲಿ ಒಂದು ಕಳೆ.
ಇದಕ್ಕೆ ಏಳನೆಯ ಕ್ಲಾಸೂ ಬೇಡ.

ಮರುದಿನ ಟೀಚರ ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು.
ಯಾರು ಅಂತ ಕೇಳಲಿಲ್ಲ, ನಗಲಿಲ್ಲ.
"ನೀನು ಫೇಲಾದ ವರ್ಷ," ಅಂದರು, "ನಿಮ್ಮಪ್ಪ ಶಾಲೆಗೆ ಬಂದಿದ್ದರು.
ಬಾಗಿಲ ಹೊರಗೇ ನಿಂತು ಟೊಪ್ಪಿ ತಿರುಗಿಸಿ ತಿರುಗಿಸಿ
ಏನೂ ಹೇಳದೆ ಹೊರಟುಹೋದರು."
ಅಷ್ಟೇ. ಕೈಚೀಲ ಎತ್ತಿಕೊಂಡರು.

ಮೊಹರು ಒತ್ತಿದೆ. ಓರೆಯಾಯಿತು.
"ನೆಟ್ಟಗೆ."
ಇನ್ನೊಂದು ಒತ್ತಿದೆ.
ರಸೀದಿ ಬರೆದೆ, ಅಂಕಿಯಲ್ಲಿ, ಅಕ್ಷರದಲ್ಲಿ.
ಕನ್ನಡಕ ಮೇಲೇರಿಸಿ ಪೂರ್ತಿ ಓದಿದರು,
ಜೇಬಿನ ಕೆಂಪು ಪೆನ್ನು ತೆಗೆದು,
ಅಭ್ಯಾಸಬಲ,
ಮೂಲೆಯಲ್ಲೊಂದು ಸರಿಗುರುತು ಹಾಕಿದರು.