ಬಜೆಟ್ಟಿನಲ್ಲಿ ಕುದುರೆ

ನರಿನ್ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ ಇಷ್ಟೇ:
ಮೇಷ್ಟ್ರುಗಳಿಗೆ ದುಡ್ಡು ಹುಡುಕುವುದು.
ನಾಲ್ಕನೇ ಮಹಡಿ. ಹೀಟರು ಕೆಮ್ಮುತ್ತದೆ.
ಕಿಟಕಿಯಾಚೆ ಅರ್ಧ ಹೆಪ್ಪುಗಟ್ಟಿದ ಹೊಳೆ.

ಐಚುರೋಕ್ ಮೇಡಂ ಕೇಳುವುದು ಹೆಚ್ಚೇನಲ್ಲ,
ಹಿಮನದಿಯ ಮೇಲೊಂದು ಕೋಲು ನೆಟ್ಟು ಬರಬೇಕು,
ಮರುವರ್ಷ ಹೋಗಿ
ಎಷ್ಟು ಗೇಣು ಹೊರಬಂದಿದೆ ನೋಡಬೇಕು.

ಆ ಕೋಲಿಗೆ ನಾನಿಟ್ಟ ಹೆಸರುಗಳೋ!
ಆಚೆ ವರ್ಷ ಮಹಿಳಾ ಸಬಲೀಕರಣ,
ಹೋದ ವರ್ಷ ವಿಪತ್ತು ನಿರ್ವಹಣೆ,
ಈ ಸಲ ಹವಾಮಾನ ನ್ಯಾಯ.
ಕೋಲು ಅದೇ. ನೀಲಿ ಬಣ್ಣ ಬಳಿದದ್ದು.

ಈ ಸಲ ಜಿನೀವಾದವರು ಒಪ್ಪಿದರು.
ಒಪ್ಪಿ, ಕೇಳಿದರು:
ಸಾರಿಗೆ ವೆಚ್ಚದಲ್ಲಿ ಕುದುರೆ ಎಂದಿದೆಯಲ್ಲ,
ನೋಂದಣಿ ಸಂಖ್ಯೆ ಯಾವುದು? ಇಂಧನ?

ಹುಲ್ಲು, ಎಂದು ಬರೆದೆ.
ರಸೀದಿ ಕಳಿಸಿ, ಎಂದರು.

ಹುಲ್ಲು ಮಾರುವ ಸತಾರ್ ಅಜ್ಜ
ಕನ್ನಡಕ ಒರೆಸಿಕೊಂಡು
ಟೀ ಪೊಟ್ಟಣದ ಬೆನ್ನಿಗೆ ಬರೆದುಕೊಟ್ಟ:
ಹನ್ನೆರಡು ಹೊರೆ, ಕುದುರೆಗೆ. ಹಣ ಮುಟ್ಟಿದೆ.
ಕೇಳದೆಯೇ ಕೆಳಗೆ ಇನ್ನೊಂದು ಸಾಲು:
ಆ ನೀರೇ ನನ್ನ ಹೊಲಕ್ಕೂ ಬರುವುದು,
ಬೇಗ ಅಳೆಯಿರಿ.

ಮೂರು ವರ್ಷ, ಇನ್ನೂರೈವತ್ತು ಪದಗಳಲ್ಲಿ
ನಾನು ಹೊಸೆಯಲಾರದೆ ಹೋದ
'ಸಮುದಾಯದ ಪಾಲ್ಗೊಳ್ಳುವಿಕೆ'
ಚಹಾಪುಡಿಯ ವಾಸನೆ ಹೊಡೆಯುತ್ತ ಮೇಜಿನ ಮೇಲಿತ್ತು.
ಮೊಹರು ಒತ್ತಿ, ಸ್ಕ್ಯಾನು ಮಾಡಿ ಕಳಿಸಿದೆ.

ನಿಗದಿತ ನಮೂನೆಯಲ್ಲಿಲ್ಲ, ಎಂದು ಉತ್ತರ ಬಂತು.
ಮೇಡಮ್ಮಿಗೆ ಹೇಳೋಣವೆಂದು ಹೋದರೆ
ಕೋಣೆಗೆ ಬೀಗ.
ಕಣಿವೆ ತೆರೆದ ಬೆಳಿಗ್ಗೆಯೇ ಹೊರಟಿದ್ದರಂತೆ,
ಸಾಲ ತಂದ ಕುದುರೆಯ ಮೇಲೆ,
ಕೋಲು ಅಡ್ಡ ಕಟ್ಟಿಕೊಂಡು.